ಸುತ್ತಕ್ಕನ ಇಪ್ಪತ್ನಾಲ್ಕು ವೋಲ್ಟು

ನಮ್ಮ ವರ್ಕ್‌ಶಾಪಿನಲ್ಲಿ ಅಮ್ಮನನ್ನು ಎಲ್ಲರೂ ಸುತ್ತಕ್ಕ ಅಂತಲೇ ಕರೆಯುವುದು. ಇಪ್ಪತ್ತೆರಡು ವರ್ಷದಿಂದ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಾಳೆ. ಸುತ್ತುವಾಗ ಯಾರಾದರೂ ಮಾತಾಡಿಸಿದರೆ ಕೈ ತೋರಿಸಿ ಸುಮ್ಮನಿರಿಸುತ್ತಾಳೆ. ಮುಗಿದ ಮೇಲೆ ಸುತ್ತಿನ ಲೆಕ್ಕವನ್ನು ಸುರುಳಿಗೆ ಹೊದಿಸಿದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಅದರ ಮೇಲೆ ಟೇಪು ಸುತ್ತುತ್ತಾಳೆ. ನಾನು ಅದೇ ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡುವವಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಈ ಹೆಂಗಸಿನ ಮಗಳು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ.

ಹೋದ ತಿಂಗಳು ಗಿರಾಕಿ ಕಂಪನಿಯ ಎಂಜಿನಿಯರ್ ನಮ್ಮದೊಂದು ಟ್ರಾನ್ಸ್‌ಫಾರ್ಮರನ್ನೂ ಒಂದು ಚೀಲ ಸಿಡಿದ ಕೆಪಾಸಿಟರುಗಳನ್ನೂ ಹೊತ್ತು ಬಂದ. "ಇಪ್ಪತ್ನಾಲ್ಕು ವೋಲ್ಟ್ ಕೇಳಿದ್ರೆ ಮೂವತ್ತೆರಡು ಬರ್ತಿದೆ. ಸುತ್ತು ಜಾಸ್ತಿಯಾಗಿದೆ," ಅಂದ. ಅಮ್ಮ ಟೇಪು ಬಿಚ್ಚಿ ಪೆನ್ಸಿಲ್ ಲೆಕ್ಕ ತೋರಿಸಿದಳು. "ಬರೆಯೋದು ಯಾರು ಬೇಕಾದ್ರೂ ಬರೀಬಹುದು," ಅಂದುಬಿಟ್ಟ. ಮಾಲೀಕರು ಹಿಂದೆಮುಂದೆ ನೋಡಲಿಲ್ಲ. "ನಾಳೆಯಿಂದ ನೀವು ಮಗಳ ಜೊತೆ ಪ್ಯಾಕಿಂಗ್ ನೋಡ್ಕೊಳಿ," ಎನ್ನುತ್ತ ಅಮ್ಮನ ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಅಮ್ಮ ಎರಡು ಬಲ್ಬು ತಂದಳು. ಒಂದನ್ನು ಇಪ್ಪತ್ನಾಲ್ಕು ವೋಲ್ಟಿನ ಬ್ಯಾಟರಿಗೆ, ಇನ್ನೊಂದನ್ನು ನೇರವಾಗಿ ಆ ಟ್ರಾನ್ಸ್‌ಫಾರ್ಮರಿಗೆ ಹಾಕಿದಳು. ಎರಡೂ ಒಂದೇ ಸಮ ಉರಿದವು.

"ನೋಡಪ್ಪ, ಇಪ್ಪತ್ನಾಲ್ಕು ಅನ್ನೋದು ಕರೆಂಟು ಮಾಡೋ ಕೆಲಸದ ಲೆಕ್ಕ. ಎಸಿ ಏರುತ್ತೆ, ಇಳಿಯುತ್ತೆ. ಏರಿದಾಗ ಅದರ ತುದಿ ಮೂವತ್ನಾಲ್ಕು ಮುಟ್ಟುತ್ತೆ. ಡಿಸಿ ಮಾಡೋ ಡಯೋಡುಗಳು ಅದರಲ್ಲಿ ಒಂದೂವರೆ ತಿಂದ್ಕೊಳ್ತವೆ. ಉಳಿದಿದ್ದನ್ನ ಕೆಪಾಸಿಟರ್ ಆ ತುದೀಲೇ ಹಿಡ್ಕೊಂಡು ಕೂರುತ್ತೆ. ಮೂವತ್ತೆರಡು ಬರ್ಲೇಬೇಕು! ನೀನು ಹಾಕಿದ ಕೆಪಾಸಿಟರ್ ಎಷ್ಟು ವೋಲ್ಟ್ ತಡೆಯುತ್ತೆ?"

ಅವನು ಸಿಡಿದದ್ದೊಂದನ್ನು ತಿರುಗಿಸಿ ಓದಿದ. ಇಪ್ಪತ್ತೈದು.

ಅಮ್ಮ ಡಯೋಡುಗಳ ಜೊತೆ ಐವತ್ತು ವೋಲ್ಟಿನದನ್ನು ಹಾಕಿ ಸ್ವಿಚ್ಚು ಒತ್ತಿದಳು. ಮೀಟರಿನಲ್ಲಿ ಮೂವತ್ತೆರಡೂವರೆ. ಊಟದ ಹೊತ್ತು ಕಳೆದರೂ ಕೆಪಾಸಿಟರ್ ತಣ್ಣಗೆ ಕೂತಿತ್ತು. ಅವನ ಮುಖ ಪೆಚ್ಚಾಯಿತು.

"ನೀವು ಇದನ್ನೆಲ್ಲ ಓದಿದ್ದು ಎಲ್ಲಿ ಅಮ್ಮಾ?"

"ಆ ಸ್ಟೂಲಲ್ಲೇ. ಈಗ ಪೆಟ್ಟಿಗೆ ಓದ್ತಾ ಇದೆ, ನೋಡು."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮಾಲೀಕರು ಯಾರನ್ನೂ ಕರೆಯಲಿಲ್ಲ. ತಾವೇ ಪೆಟ್ಟಿಗೆ ಎತ್ತಿ, ಅಂಗೈಯಿಂದ ಸ್ಟೂಲು ಒರೆಸಿದರು. ಅಮ್ಮ ಕೂತು ತಂತಿ ಹಿಡಿದಳು. ನಾನೇನೋ ಹೇಳಹೋದೆ. ಅವಳು ಕೈ ತೋರಿಸಿದಳು. ಆಗಲೇ ಎಣಿಸಲು ಶುರುಮಾಡಿದ್ದಳು.