ಲತೀಫಾಳ ಕಂಕುಳ ಗಂಟು

ಮಾನ್ವಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೇಲರ್ ಸತ್ತಾರ್ ಸಾಬನ ಅಂಗಡಿ, ಪಕ್ಕಕ್ಕೇ ಮನೆ. ಕಾಟನ್ ಎಂದು ಯಾರಾದರೂ ಬಟ್ಟೆ ಕೊಟ್ಟರೆ ಒಂದೆಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಸಿ ನೋಡಿದ ಮೇಲೆಯೇ ಹೂಂ ಅನ್ನುವ ಮನುಷ್ಯ. ಆದರೂ ಬಾಗಲವಾಡ, ಹಿರೇಕೊಟ್ನೆಕಲ್ ಹೆಂಗಸರೆಲ್ಲ ಸೀರೆಯ ಜಂಪರ್‌ಗೆ ಅವನಲ್ಲಿಗೇ ಬರುತ್ತಿದ್ದರು. ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿಯುವ ಪದ್ಧತಿ ಅವನಲ್ಲಿ ಇರಲಿಲ್ಲ. ಹಳೆಯ ಜಂಪರ್ ಒಂದನ್ನು ಅಳತೆಗೆ ಕೊಟ್ಟು ಹೋಗಬೇಕು. ಮನೆಯಾಕೆಗೂ ಅದೇ ಕಾನೂನು. ಹೆಂಡತಿ ಲತೀಫಾ ಮದುವೆಯ ಹೊಸದರಲ್ಲಿ ಕೊಟ್ಟ ಅಳತೆಯಲ್ಲೇ ಹನ್ನೆರಡು ವರ್ಷ ಹೊಲಿದಿದ್ದ.

೧೯೮೧ರ ಬೇಸಿಗೆ. ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಜಂಪರ್ ಮೇಲೆ ಸತ್ತಾರನ ಕಣ್ಣು ಬಿತ್ತು. ಎಡ ಕಂಕುಳಲ್ಲಿ ಅವನ ಹೊಲಿಗೆ ಬಿಚ್ಚಿ, ಯಾರೋ ಅಂಗೈಯಗಲದ ತೇಪೆ ಸೇರಿಸಿದ್ದರು. ಕೈಹೊಲಿಗೆ. ಒತ್ತೊತ್ತಾಗಿ, ಸಾಲು ಒಂದಿಷ್ಟೂ ಸೊಟ್ಟಗಾಗದೆ. ಲತೀಫಾಗೆ ನೆಟ್ಟಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಇದು ಕಸುಬುದಾರನ ಕೈ ಎಂದುಕೊಂಡ.

ಮನೆಯಲ್ಲಿ ಅವರ ಮಾತು ದಖ್ಖನಿ ಉರ್ದು. ಜಗಳಕ್ಕೆ ಮಾತ್ರ ಕನ್ನಡ, ಓಣಿಗೂ ಕೇಳಲಿ ಎಂಬಂತೆ.

“ಯಾವ ಟೇಲರ್ ಹೊಲದಾನಬೇ ಇದನ್ನ?”

“ಟೇಲರ್ ಅಲ್ರಿ. ದೇವದುರ್ಗಕ್ಕ ಹೋದಾಗ, ಅಕ್ಕನ ಮನ್ಯಾಗ...”

“ಅಕ್ಕನ ಮನ್ಯಾಗ ಯಾವನ ಮುಂದ ತೋಳೆತ್ತಿ ನಿಂತಿದ್ದಿ?”

ಲತೀಫಾ ಸೆರಗು ಎಳೆದು ಎಡತೋಳು ಮುಚ್ಚಿಕೊಂಡು ಒಳಗೆ ನಡೆದಳು. ಅದೇ ಅವನಿಗೆ ಸಾಕ್ಷಿಯಾಯಿತು. ಮರುದಿನ ಮುಂಜಾನೆಯೇ ಜಂಪರನ್ನು ಪೇಪರಿನಲ್ಲಿ ಸುತ್ತಿಕೊಂಡು ದೇವದುರ್ಗದ ಬಸ್ಸು ಹತ್ತಿದ.

ಲತೀಫಾಳ ಅಕ್ಕ ಖಾಸಿಂ ಬೀ ಗಂಡ ಸತ್ತ ಮೇಲೆ ಮಂದಿಗೆ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ತೇಪೆಯನ್ನು ನೋಡಿದ್ದೇ ನಕ್ಕುಬಿಟ್ಟಳು.

“ಇಪ್ಪತ್ತು ವರ್ಷ ಕೌದಿ ಹೊಲದ ಕೈ ಇದು, ಸತ್ತಾರ್ ಮಿಯಾ. ನಿಮ್ಮ ಮಶೀನಿಗೆ ಬರ್ತದೇನು ಇಂಥಾ ಹೊಲಿಗಿ?” ಆಮೇಲೆ ನಗು ನಿಂತಿತು. “ಹೆಂಡ್ತಿ ತೋಳು ಎತ್ತಾಕ ಬರಲಾರದೆ ನರಳಾಡೋದು ಕಾಣಲಿಲ್ಲ ನಿಮಗ. ಹೊಲಿಗಿ ಕಂಡ್ತು!”

ಅವಳೇ ಎಲ್ಲ ಹೇಳಿದಳು. ಮೊದಲ ಬಾಣಂತನದಲ್ಲೇ ಲತೀಫಾಳ ಎಡ ಕಂಕುಳು ಊದಿತ್ತು. ಅಲ್ಲೊಂದು ಕಡಲೆಕಾಳಿನಷ್ಟು ಕಪ್ಪು ಗುರುತು. ಕೂಸು ಅತ್ತರೆ ಅಲ್ಲಿಂದಲೂ ಹಾಲು ಒಸರುತ್ತಿತ್ತು. ಮೂರು ಮೊಲೆಯಾಕೆ ಎಂದು ಊರು ಆಡಿಕೊಂಡೀತೆಂದು ಅಕ್ಕನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹಾಲು ಬತ್ತಿದ ಮೇಲೆ ಇಳಿಯುತ್ತಿತ್ತು, ಮುಟ್ಟಿನ ದಿನಗಳಲ್ಲಿ ಒಂದಿಷ್ಟು ನೋಯುತ್ತಿತ್ತು. ಈಗ ಕಡೆಯ ಮಗಳಿಗೆ ನಾಲ್ಕು ವರ್ಷ. ಆದರೂ ಆ ಊತದೊಳಗೆ ಅಡಿಕೆಯಷ್ಟು ಗಟ್ಟಿ ಗಂಟೊಂದು ಎದ್ದು ಬೆಳೆಯುತ್ತಿತ್ತು. ಜಂಪರ್ ಅಲ್ಲಿ ಒತ್ತದಿರಲೆಂದೇ ಆ ತೇಪೆ.

ಸತ್ತಾರನ ಸಿಟ್ಟು ಅಲ್ಲೇ ಕುಸಿಯಿತು. ಅವನ ತಾಯಿಯೂ ಎದೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟಿದ್ದಳು. ಹುಣ್ಣಾದ ಮೇಲೆ ತೋರಿಸಿದರೆ ಹಕೀಮನೊಬ್ಬ “ಏನೂ ಆಗಂಗಿಲ್ಲ” ಎಂದಿದ್ದ. ಮೂರನೇ ತಿಂಗಳಿಗೆ ಮಣ್ಣು ಕೊಟ್ಟಿದ್ದರು.

ಎರಡು ದಿನಕ್ಕೆ ಲತೀಫಾಳನ್ನು ರಾಯಚೂರಿಗೆ ಕರೆದೊಯ್ದ. ಲೇಡಿ ಡಾಕ್ಟರ್ ಜಯಾಬಾಯಿ ಪರದೆಯ ಹಿಂದೆ ಪರೀಕ್ಷೆ ಮಾಡಿ ಹೊರಗೆ ಬಂದರು.

“ಬಗಲಾಗ ಇರೋದು ಎದಿ ಮಾಂಸಾನ, ಸತ್ತಾರ್ ಸಾಬ್.”

“ಎದಿದು ಬಗಲಿಗೆ ಹ್ಯಾಂಗ ಬರ್ತದ್ರಿ? ಯಾರರ ಮಾಟ ಮಾಡಿಸ್ಯಾರೇನು?”

“ಯಾರೂ ಮಾಡಿಸಿಲ್ಲ. ತಾಯಿ ಹೊಟ್ಟ್ಯಾಗ ಇದ್ದಾಗ ಎಲ್ಲಾರಿಗೂ ಬಗಲಿನಿಂದ ತೊಡಿ ಸಂದಿನ ತನಕ ಹಾಲಿನ ಗೆರಿ ಅಂತ ಇರ್ತದ. ಎದಿ ಹತ್ರ ಉಳದು ಬಾಕಿದ್ದು ಮಾಯ ಆಗಬೇಕು. ಕೆಲವರಿಗೆ ಬ್ಯಾರೆ ಕಡೆನೂ ಒಂದೀಟು ಉಳೀತದ. ಅದು ರೋಗ ಅಲ್ಲ. ಆದ್ರ ಎದಿಗೆ ಬರೋ ಬ್ಯಾನಿ ಎಲ್ಲಾ ಅದಕ್ಕೂ ಬರಬಹುದು. ಬಾವು ಬರ್ತದ, ಸಾದಾ ಗಂಟು ಬರ್ತದ, ಕ್ಯಾನ್ಸರೂ ಬರ್ತದ.”

“ಇದು ಯಾವದ್ರಿ?”

“ಗಂಟು ತಗದು ಹೈದ್ರಾಬಾದಿನ ಲ್ಯಾಬಿಗೆ ಕಳಿಸಿ ನೋಡಬೇಕು.”

ಇವರಿಗೆ ಕತ್ತರಿಸುವ ಚಟ ಎಂದು ಅವನಿಗೆ ಅನ್ನಿಸಿತು. ಪರದೆಯ ಆಚೆಯಿಂದ ಲತೀಫಾ, “ತಗೀರಿ ಬಾಯಿಯವರ. ಅವರನ್ನ ಕೇಳಬ್ಯಾಡ್ರಿ” ಎಂದಳು.

ತೆಗೆದ ಗಂಟು ಔಷಧಿ ನೀರಿನ ಸೀಸೆಯಲ್ಲಿ ಮೇಜಿನ ಮೇಲೆ ಕುಳಿತಿತ್ತು, ಪಕ್ಕದಲ್ಲಿ ಅಂಥವೇ ಇನ್ನೂ ನಾಲ್ಕು. ಚೀಟಿ ಉದುರಿದರೆ? ಯಾರದೋ ಸಾವು ಇವಳ ಹೆಸರಿಗೆ ಬಂದರೆ? ಗಿರಾಕಿಗಳ ಬಟ್ಟೆ ಬದಲಾಗದಂತೆ ಅವನು ಒಂದೊಂದಕ್ಕೂ ಬಣ್ಣದ ದಾರ ಕಟ್ಟಿಡುತ್ತಿದ್ದ. ಜೇಬಿನಿಂದ ಹಸಿರು ದಾರ ತೆಗೆದು ಸೀಸೆಯ ಕುತ್ತಿಗೆಗೆ ಮೂರು ಗಂಟು ಹಾಕಿದ. ನರ್ಸ್ ಬೈದಳು. ಜಯಾಬಾಯಿ, “ಇರಲಿ ಬಿಡವ್ವಾ, ದಾರ ಏನು ಮಾಡ್ತದ” ಎಂದರು.

ಹದಿನೆಂಟನೇ ದಿನ ರಿಪೋರ್ಟ್ ಬಂದಿದೆಯೆಂದು ತಿಳಿಯಿತು. ಗಾಯ ಇನ್ನೂ ಎಳೆಯುತ್ತಿದ್ದರಿಂದ ಲತೀಫಾ ಮಾನ್ವಿಯಲ್ಲೇ ಉಳಿದಳು, ಅವನೊಬ್ಬನೇ ಹೋದ. “ಸಾದಾ ಗಂಟು. ಪೂರಾ ತಗದೀವಿ. ಏನೂ ಆಗಂಗಿಲ್ಲ” ಎಂದು ಜಯಾಬಾಯಿ ಕಾಗದ ಕೈಗಿಟ್ಟರು.

ಏನೂ ಆಗಂಗಿಲ್ಲ. ಹಕೀಮನೂ ಅದೇ ಮಾತು ಆಡಿದ್ದ. ಸತ್ತಾರನ ಕಾಲು ಬಸ್‌ಸ್ಟ್ಯಾಂಡಿನ ಕಡೆ ಹೋಗಲಿಲ್ಲ, ಇಂಗ್ಲಿಷ್ ಕಾಗದ ಓದಿಸಲು ಕೋರ್ಟಿನ ಮುಂದೆ ಟೈಪ್ ಮಾಡುವ ವೆಂಕೋಬನ ಬಳಿ ಹೋಯಿತು.

“ಮ್ಯಾಲಿನ ಹೆಸರು ಯಾಕ ಮಡಚಿ ಹಿಡದೀರಿ?” ಎಂದ ವೆಂಕೋಬ.

“ಹೆಸರು ತಗೊಂಡು ಏನ್ ಮಾಡ್ತಿ? ಕೆಳಗಿಂದ ಓದು.”

“ನೋ ಮ್ಯಾಲಿಗ್ನೆನ್ಸಿ ಅಂತ ಅದ. ನೋ ಅಂದ್ರ ಇಲ್ಲ.”

“ಏನಿಲ್ಲ?”

“ಅದು ನನಗ ಗೊತ್ತಿಲ್ರಿ. ಕೋರ್ಟಿನಾಗ ಈ ಶಬ್ದ ಬರಂಗಿಲ್ಲ.”

ಏನಿಲ್ಲ? ಆಯುಷ್ಯವೇ ಇಲ್ಲವೋ? ಊರೆಲ್ಲ ತಿರುಗಿ ಔಷಧಿ ಅಂಗಡಿಯವನೊಬ್ಬನನ್ನು ಹಿಡಿದ. ಅವನು, “ಕ್ಯಾನ್ಸರ್ ಇಲ್ಲ ಅಂತ ಅದರ ಅರ್ಥ” ಎಂದ. ಸತ್ತಾರ್ ಅದನ್ನು ಎರಡು ಸಲ ಹೇಳಿಸಿಕೊಂಡ. ನಂತರ ಇನ್ನೊಂದು ಅಂಗಡಿ ಹುಡುಕಿಕೊಂಡು ಹೋಗಿ, ಏನೂ ತಿಳಿಯದವನಂತೆ ಅದನ್ನೇ ಕೇಳಿದ. ಅಲ್ಲೂ ಅದೇ ಉತ್ತರ ಬಂದ ಮೇಲೆ ಬಸ್ಸು ಹತ್ತಿದ.

ಮಾನ್ವಿಯಲ್ಲಿ ಇಳಿಯುವಾಗ ಸಂಜೆಯ ಅಸರ್ ನಮಾಜಿನ ಹೊತ್ತು ಮೀರಿತ್ತು. ಲತೀಫಾ ಬಸ್ಸುಗಳು ಕಾಣುವಂತೆ ಹೊಸ್ತಿಲಲ್ಲಿ ಕುಳಿತಿದ್ದಳು.

“ಕ್ಯಾನ್ಸರ್ ಇಲ್ಲ,” ಎಂದ ಅವನು. “ನಾಲ್ಕು ಮಂದಿಗೆ ಕೇಳೀನಿ. ಖರೇ ಅದ.”

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಡಾಕ್ಟರಬಾಯಿ ಯಾವಾಗ ಹೇಳಿದ್ರು?”

“ಮುಂಜಾನೆ, ಹತ್ತೂವರಿಗೆ.”

“ಆಮ್ಯಾಲ ರಾಯಚೂರಿನಿಂದ ಐದು ಬಸ್ಸು ಬಂದ್ವು. ನೀವು ಇಳೀಲಿಲ್ಲ. ಬಾಯಿ ಬಿಟ್ಟು ಹೇಳಾಕ ಆಗಲಾರದೆ ಎಲ್ಲೋ ಕೂತು ಅಳಾಕತ್ತಾರ ಅಂತ ತಿಳಕೊಂಡೆ. ಮಕ್ಕಳನ್ನ ಅಕ್ಕನ ಹತ್ರ ಬಿಡಬೇಕೋ, ಇಲ್ಲೇ ಬಿಡಬೇಕೋ ಅಂತ ಕೂತಿದ್ದೆ.”

ಸತ್ತಾರ್ ಸಾಬನಿಗೆ ಏನೋ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಮಾತ್ರ ಹಳೆಯ ಚಾಳಿ.

“ಐದು ಬಸ್ಸು ಅಂತ ನಿನಗ ಯಾರು ಹೇಳಿದ್ರು?”

“ಇಲ್ಲೇ ಕೂತು ನಾನೇ ಎಣಿಸೀನಿ,” ಎಂದಳು ಲತೀಫಾ. “ಬೇಕಾದ್ರ ಇದನ್ನೂ ನಾಲ್ಕು ಮಂದಿಗೆ ಕೇಳಿ ಬರ್ರಿ.”

ಅವನು ಕೇಳಲು ಹೋಗಲಿಲ್ಲ. ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕುಳಿತುಕೊಂಡ.