ಝೆರಾಕ್ಸ್ ಕಾಕಾನ ನಂಬರು

ಮೊನ್ನೆ ಮಗಳ ಆಧಾರ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಾಕ ಮಹಾಲಿಂಗಪುರದ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಗೆ ಹೋಗಿದ್ದೆ. ಬಿಸಿ ಪ್ಲಾಸ್ಟಿಕ್ಕಿನ ಆ ವಾಸನಿ ಮೂಗಿಗೆ ಬಡೀತು ನೋಡ್ರಿ, ನಿಂತಲ್ಲೇ ಕಣ್ಣಾಗ ನೀರು ಬಂದುವು. ಅಂಗಡಿಯವ ಗಾಬರಿಯಾಗಿ "ಹೊಗಿ ಬಡೀತೇನ್ರಿ ಅಕ್ಕಾರ?" ಅಂದ. ಹೊಗಿ ಅಲ್ಲ... ಝೆರಾಕ್ಸ್ ಕಾಕಾ ನೆನಪಾಗಿದ್ದರು.

ಬನಹಟ್ಟಿಯೊಳಗ ನಮ್ಮ ಓಣಿ ತಿರುವಿಗೆ ಅವರದೊಂದು ಸಣ್ಣ ಅಂಗಡಿ ಇತ್ತು. ಝೆರಾಕ್ಸ್ ಮಷೀನು, ಲ್ಯಾಮಿನೇಶನ್ ಮಷೀನು, ಕಂಪ್ಯೂಟರು, ಕುಂದರಾಕ ಒಂದು ಸ್ಟೂಲು. ಸುತ್ತಲೂ ಮಗ್ಗದ ಖಟಖಟ. ಅದರೊಳಗ ಒದರಿ ಒದರಿ ಮಾತಾಡಿ ಕಾಕಾನ ದನಿ ಒಡದಿತ್ತು. ಸ್ಕಾಲರ್‌ಶಿಪ್ಪಿಗೆ, ನೌಕರಿ ಅರ್ಜಿಗೆ, ವ್ಯಾಪಾರಸ್ಥರಿಗೆ ಸೀರಿ ಫೋಟೋ ಕಳಸಾಕ ಅಂತ ನಮ್ಮ ಓಣಿಯ ಎಲ್ಲಾರಿಗೂ ಇಮೇಲ್ ತೆರೆದು ಕೊಟ್ಟವರು ಅವರೇ.

ಮೇಲ್ ತೆರೆಯುವಾಗ ಮೊಬೈಲ್ ನಂಬರ್ ಕೇಳ್ತದಲ್ರೀ, ಅಲ್ಲಿ ಕಾಕಾ ಎಲ್ಲಾರದಕ್ಕೂ ತಮ್ಮ ನಂಬರನ್ನೇ ಹಾಕ್ತಿದ್ರು. ಮುಂದ ಹೊಸಾ ಫೋನಿನ್ಯಾಗೋ ಬ್ಯಾರೆ ಕಂಪ್ಯೂಟರಿನ್ಯಾಗೋ ಆ ಮೇಲ್ ತೆಗೀಬೇಕಂದ್ರ, ಖರೇನೇ ನೀನೇ ಹೌದೋ ಅಲ್ಲೋ ಅಂತ ನೋಡಾಕ ಆ ನಂಬರಿಗೆ ಒಂದು ಕೋಡ್ ಬರ್ತದ. ನಾವ್ಯಾರೂ ತಪ್ಪು ತಿಳೀಲಿಲ್ಲ. ಆಗ ಮನಿಗೆ ಒಂದೇ ಫೋನು, ಅದೂ ಗಂಡಸರ ಕಿಸೇದಾಗ. ಯಾವ ಕಂಪನಿ ಸೋವಿ ಆಫರ್ ಕೊಟ್ಟರ ಆ ಸಿಮ್ಮು. "ನಿಮ್ಮ ಸಿಮ್ಮಿನ ಭರೋಸಾ ಏನೈತ್ರಿ? ನನ್ನ ನಂಬರ್ ಎಂದೂ ಬದಲಾಗೂದಿಲ್ಲ," ಅಂತಿದ್ರು ಕಾಕಾ.

ಖರೇನೇ ಬದಲಾಗಲಿಲ್ಲ. "ಕಾಕಾ, ಕೋಡ್ ಬಂತೇನ್ರಿ?" ಅಂತ ಯಾರು ಯಾವಾಗ ಕೇಳಿದ್ರೂ ಸಿಟ್ಟಾಗ್ತಿರಲಿಲ್ಲ. ಒಮ್ಮೆ ಮದುವಿ ಊಟದ ಪಂಗ್ತಿಯೊಳಗ ಕುಂತು, ಬಲಗೈ ತುಂಬ ಸಾರು, ಎಡಗೈಲೆ ಫೋನ್ ಹಿಡದು ಕೋಡ್ ಒದರಿ ಹೇಳಿದ್ದರು. ಇಡೀ ಪಂಗ್ತಿಗೇ ಕೇಳಿಸಿತ್ತು. ಬಡಸೂ ಹುಡುಗಿ ನಕ್ಕು ನಕ್ಕು ಹೋಳಿಗಿ ಎಲಿ ಬಿಟ್ಟು ಆಚೆ ಹಾಕಿದ್ದಳು.

ನಮ್ಮವ್ವನ ವಿಡಿಯೋ ನಾ ಇಮೇಲಿಗೆ ಹಾಕಿದ್ದು ಅವರ ಮಾತು ಕೇಳೇ. "ಮೊಬೈಲ್ ಇವತ್ತಿರತೈತಿ, ನಾಳೆ ಹೋಗತೈತಿ ತಂಗಿ. ಮೇಲಿನ್ಯಾಗ ಇಡು, ಯಾವ ಫೋನಿನ್ಯಾಗ ಬೇಕಾದ್ರೂ ತೆಗೀಬಹುದು," ಅಂದಿದ್ದರು. ಅದರಾಗ ಅವ್ವ ಮಗ್ಗದ ಕಂಡಿಕಿಗೆ ನೂಲು ಸುತ್ತಾಕತ್ತಾಳ, ನಾ ಫೋನ್ ಹಿಡದು ಎದುರಿಗೆ ನಿಂತೀನಿ. "ಏ, ಅದನ್ನ ಆಚೀಗಿಡಬೇ, ಒಲಿ ಮ್ಯಾಲಿನ ಹಾಲು ಉಕ್ಕಾಕತ್ತಾವ ನೋಡು," ಅಂತ ಬೈದು, ತಾನೇ ನಗ್ತಾಳ. ಅಷ್ಟೇ. ಅವ್ವನ ದನಿ ಅಂತ ಉಳದದ್ದು ಅದೊಂದೇ. ಅಕಿ ಹೋದಮ್ಯಾಲೆ ಅದನ್ನ ತೆರೆದು ನೋಡಾಕ ನನಗ ಎದಿ ಆಗಲಿಲ್ಲ. ಇರ್ತದಲ್ಲ, ಎಲ್ಲಿ ಹೋಗ್ತದ ಅಂತ ಸುಮ್ಮನಿದ್ದೆ.

ಹೋದ ವರ್ಷ ಕಾಕಾನೂ ಹೋದರು. ಕುಂತ ಕುರ್ಚಿಯೊಳಗೇ ಎದಿ ನಿಂತಿತಂತ...

ಹೋದ ತಿಂಗಳು ನನ್ನ ಹಳೇ ಫೋನು ನೂಲಿನ ಬಣ್ಣ ಕುದಿಯೂ ಹಂಡೇದಾಗ ಬಿತ್ತು. ಮಗಳು ಅದೇ ಹೊತ್ತಿಗೆ "ನಿಮ್ಮವ್ವ ಹೆಂಗ ಮಾತಾಡ್ತಿದ್ಲು?" ಅಂತ ದುಂಬಾಲು ಬಿದ್ದಿತ್ತು. ಅಜ್ಜಿ ಹೋದಮ್ಯಾಲೆ ಹುಟ್ಟಿದ ಕೂಸು ಅದು. ತಡಿ, ಕೇಳಸ್ತೀನಿ ಅಂತ ಹೊಸಾ ಫೋನಿನ್ಯಾಗ ಮೇಲ್ ತೆಗದೆ. ಪಾಸ್‌ವರ್ಡ್ ಸರಿ ಇತ್ತು. ಆದ್ರೂ ಕೋಡ್ ಕೇಳ್ತು. ಕೋಡ್ ಹೋಗಿದ್ದು ಕಾಕಾನ ನಂಬರಿಗೆ.

ಕಾಕಾನ ಹೆಂಡತಿ ಕಾಕೂನ ಕಡೆ ಓಡಿದೆ. ಆ ಫೋನ್ ಎಲ್ಲೈತ್ರಿ ಅಂದೆ. ಕಾಕು ಗ್ವಾಡಿ ಮ್ಯಾಲಿನ ಕಾಕಾನ ಫೋಟೋ ಕಡೆ ನೋಡಿದರು. "ಅವರ ಸಂಗಡನೇ ಕಳಿಸಿದೆವಲ್ಲಬೇ," ಅಂದರು.

ನಮ್ಮಲ್ಲಿ ಸುಡೂದಿಲ್ಲ, ಕುಂದರಿಸಿ ಮಣ್ಣು ಕೊಡ್ತೀವಿ. ಹೋದವರ ಜೀವಕ್ಕ ಬೇಕಾಗಿದ್ದು ಏನರೆ ಇದ್ದರ ಸಂಗಡ ಇಡೂದೂ ಉಂಟು. ಒಬ್ಬರಿಗೆ ಎಲಿ ಅಡಕಿ, ಒಬ್ಬರಿಗೆ ಚಸ್ಮಾ. "ಫೋನ್ ಬಿಟ್ಟು ಒಂದ್ ಗಳಿಗಿ ಇದ್ದವರಲ್ಲ. ನಾನೇ ಕಿಸೇದಾಗ ಹಾಕಿದೆ. ತಪ್ಪು ಮಾಡಿದೆನೇನಬೇ?" ಅಂತ ಕಾಕು ಅಳಾಕ ಹತ್ತಿದರು. ಇಲ್ರೀ, ಛಲೋನೇ ಮಾಡೀರಿ ಅಂದೆ.

ಮೊಬೈಲ್ ಅಂಗಡಿಯೊಳಗ ಕೇಳಿದ್ರ, ರಿಚಾರ್ಜ್ ಇಲ್ಲದ ನಂಬರು ಬಂದ್ ಆಗೇತಿ, ಮತ್ತ ಸಿಗೂದಿಲ್ಲ ಅಂದರು. ಮೇಲ್‌ನವರನ್ನ ಕೇಳೋಣಂದ್ರ ಅವರಿಗೆ ಆಫೀಸಿಲ್ಲ, ಬಾಗಿಲಿಲ್ಲ. ಕೈ ಮುಗೀಬೇಕಂದ್ರೂ ಎದುರಿಗೊಬ್ಬ ಮನಿಷ್ಯಾ ಬೇಕಲ್ಲರೀ! ಓಣಿಯೊಳಗ ಇನ್ನೆಷ್ಟು ಮಂದಿ ಹಿಂಗ ಸಿಕ್ಕೊಂಡಾರೋ. ಕಾಕಾನ ಮ್ಯಾಲೆ ಸಿಟ್ಟು ಮಾಡೋಣಂದ್ರ ಸಿಟ್ಟೂ ಬರವಲ್ದು. ಇದ್ದಿದ್ದರ ಎಲ್ಲಿದ್ದರೂ ಒದರಿ ಹೇಳ್ತಿದ್ದರು...

ನಿನ್ನೆ ಮಗಳು ಮತ್ತ ಕೇಳಿತು. ಫೋನ್ ಬ್ಯಾಡ, ನಾನೇ ಅವ್ವನಂಗ ಮಾತಾಡಿ ತೋರಿಸ್ತೀನಿ ಅಂತ ಬಾಯಿ ತೆಗದೆ. ಮಾತೆಲ್ಲಾ ನೆನಪಿದ್ದುವು. ದನಿ ಮಾತ್ರ ನಂದೇ ಬಂತು.