ಕೆಂಪು ಗೀಟಿನ ಕಂಪ್ಯೂಟರ್

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಇನ್ನೊಬ್ಬರ ಮಷಿನ್ನಿಗೆ ಪಾಲಿಶ್‌ಗೆ ಹೋಗುವಾಗ ಪ್ರತಿ ಕಲ್ಲಿನ ಬೆನ್ನಿಗೂ ಕೆಂಪು ಬಣ್ಣದ ಗೀಟು ಎಳೆಯುತ್ತಾರೆ. ಒಳ್ಳೆಯದು ಹೋಗಿ ಬಿರುಕಿನದು ಬರಬಾರದಲ್ಲ! ನಮ್ಮಪ್ಪ ಜೀವನವಿಡೀ ಆ ಗೀಟು ಎಳೆದವರು. ಅವರ ಪ್ರಕಾರ ಜಗತ್ತಿನಲ್ಲಿ ಎರಡೇ ಥರದ ಜನ: ಕಲ್ಲು ಬದಲಿಸಿದವರು, ಇನ್ನೂ ಬದಲಿಸದವರು. ನಾನೂ ಅವರ ಮಗಳೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಜಾರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾರ್ಡುಗಳಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು. ಕಂಪ್ಯೂಟರ್ ಯಾವ ಕಂಪನಿಯದೂ ಅಲ್ಲ. ಹೈದರಾಬಾದಿನಿಂದ ಬಿಡಿ ಸಾಮಾನು ತರಿಸಿ ಜೋಡಿಸಿದ್ದು. ಜೋಡಿಸಿದವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದ. ಗಿರಾಕಿಗಳು ಪೆನ್ ಡ್ರೈವ್ ತರತೊಡಗಿದರು, ನಮ್ಮ ಹಳೆಯ ಸಿಸ್ಟಮ್ ಅದನ್ನು ತೆರೆಯುತ್ತಲೇ ಇರಲಿಲ್ಲ. ಹೊಸ ಸಿಸ್ಟಮ್ ಹಾಕಲು ಹತ್ತಿರದ ವಾಡಿಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆ.

ಅವನು ಬರುವ ಮೊದಲೇ ಅಪ್ಪ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಒಳಗಿನ ಒಂದೊಂದು ಸಾಮಾನಿಗೂ ಕೆಂಪು ಗೀಟು ಎಳೆದರು. ಬ್ಯಾಟರಿ ಹಿಡಿದು ಬೆಳಕು ತೋರಿಸಿದವಳು ನಾನು.

ಮೆಕ್ಯಾನಿಕ್ ಚಹಾ ಒಲ್ಲೆ ಎಂದ. ಚಹಾ ಒಲ್ಲೆ ಎನ್ನುವವನನ್ನು ಹೇಗೆ ನಂಬುವುದು? ಹಳೆಯ ಡಿಸ್ಕಿನ ಮೇಲೆಯೇ ಹಾಕಿದರೆ ಬೇಗ ಮುಗಿಯುತ್ತದೆ ಎಂದಾಗ ಸಂಶಯ ಇನ್ನೂ ಹೆಚ್ಚಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೊಸ ಡಿಸ್ಕಿಗೆ ಹಾಕು, ಹಳೆಯದನ್ನು ಬಿಚ್ಚಿ ನನ್ನ ಕೈಗೆ ಕೊಡು ಎಂದು ಹಟ ಹಿಡಿದೆ. ಕನ್ನಡ ಅಕ್ಷರ, ಆ ಸೀಸನ್ನಿನ ಕಾರ್ಡು, ಎಲ್ಲ ಅದರಲ್ಲೇ ಇತ್ತು. ಹತ್ತಿಬಟ್ಟೆಯಲ್ಲಿ ಸುತ್ತಿ ಉಡಿಯಲ್ಲಿಟ್ಟುಕೊಂಡು ಕುಳಿತೆ. ಅಪ್ಪ ಅವನ ಕೈ ಕಾಯುತ್ತಿದ್ದರು.

ಹೊಸ ಸಿಸ್ಟಮ್ ಏನೋ ಬಂತು. ಆದರೆ ಪರದೆಯ ಮೇಲೆ ಅಕ್ಷರಗಳು ಗೋಡೆ ಬರಹದಷ್ಟು ದಪ್ಪ, ಬಣ್ಣವೆಲ್ಲ ಕೆಟ್ಟಿತ್ತು. ಪರದೆ ನಡೆಸುವ ಡಿಸ್ಪ್ಲೇ ಕಾರ್ಡಿಗೆ ತಕ್ಕ ಡ್ರೈವರ್ ಪ್ರೋಗ್ರಾಮ್ ಹಾಕಬೇಕು, ಅದಕ್ಕೆ ಕಾರ್ಡಿನ ಮೇಲಿನ ನಂಬರ್ ಬೇಕು ಎಂದು ಮೆಕ್ಯಾನಿಕ್ ಆ ಕಾರ್ಡನ್ನು ಕಿತ್ತು ಬೆಳಕಿಗೆ ಹಿಡಿದ. ನಂಬರಿನ ಮೇಲೆ ಸರಿಯಾಗಿ ಅಪ್ಪನ ಗೀಟು! ನೀರಲ್ಲಿ ಪಾಲಿಶ್ ಆದರೂ ಹೋಗದ ಬಣ್ಣ ಅದು. ಸೀಮೆಎಣ್ಣೆ ಹಚ್ಚಿ ಉಜ್ಜಿದರೆ ಬಣ್ಣದ ಜೊತೆ ನಂಬರೂ ಹೋಯಿತು. ಅವನ ಚೀಲದಲ್ಲಿದ್ದ ಸಿಡಿಗಳ ಒಂದು ಡ್ರೈವರೂ ಹೊಂದಲಿಲ್ಲ.

ಡಿಸ್ಪ್ಲೇ ಕಾರ್ಡನ್ನೇ ಬದಲಿಸಿಬಿಟ್ಟನೇ ಎಂದು ನನಗೆ ಅನುಮಾನ. ಅಪ್ಪ ಬಗ್ಗಿ ನೋಡಿದರು.

"ಗೀಟು ನಮ್ದೇ ಅದ," ಎಂದರು, ಸಮಾಧಾನದಿಂದ.

ಮರುದಿನವೇ ಕೊಡಬೇಕಾದ ಮದುವೆ ಕಾರ್ಡುಗಳಿದ್ದವು. ಮೆಕ್ಯಾನಿಕ್ ಹೊಸ ಡಿಸ್ಕ್ ಬಿಚ್ಚಿಟ್ಟು ನನ್ನತ್ತ ಕೈ ಚಾಚಿದ. ನಾನು ಉಡಿಯನ್ನು ಮತ್ತಷ್ಟು ಬಿಗಿ ಹಿಡಿದೆ.

"ಕೊಡ್ರಿ ಅಕ್ಕಾರೆ. ನಿಮ್ಮ ಅಂಗಡಿ ನಿಮ್ಮ ಉಡ್ಯಾಗೇ ಅದ."

ಕೊಟ್ಟೆ. ಆ ಡಿಸ್ಪ್ಲೇ ಕಾರ್ಡಿನ ಡ್ರೈವರ್ ಹಳೆಯ ಡಿಸ್ಕಿನಲ್ಲಿ ಮೊದಲೇ ಇತ್ತು; ಹಳೆಯ ಸಿಸ್ಟಮ್ ಎದ್ದಿತು. ಅರ್ಧ ಮಾಡಿಟ್ಟ ಕಾರ್ಡೂ, ಅದರ ಮೇಲಿನ ಗಣಪತಿಯೂ ಇದ್ದಲ್ಲೇ ಇದ್ದರು. ನನಗೆ ಅಳುವೇ ಬಂತು. ಆಮೇಲೆ ಅಂಗಡಿ ಇದ್ದಷ್ಟು ದಿನವೂ ಆ ಹಳೆಯದರಲ್ಲೇ ಕೆಲಸ ನಡೆಯಿತು.

ಹೊರಡುವ ಮುನ್ನ ಮೆಕ್ಯಾನಿಕ್ ನಮ್ಮೆದುರೇ ತನ್ನ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕಿಕೊಂಡ. ಅವನು ಓಣಿ ದಾಟುವುದನ್ನೇ ಕಾಯುತ್ತಿದ್ದ ಅಪ್ಪ ಸಿಟ್ಟಿನಿಂದ ನನ್ನತ್ತ ತಿರುಗಿದರು.

"ನೋಡಿದೇನು? ನಮ್ಮ ಮ್ಯಾಲೇ ಸಂಶೇ ಮಾಡ್ತಾನ!"